ಎಂಟು ಮೂಲೆಯ ಗಾಡಿ

ಜನವರಿ 5, 1961. ಗುರುವಾರ. ಗೋಕಾಕ.

ಬೆಳಿಗ್ಗೆ ಕಾಲುವೆಯ ಎರಡನೆಯ ಗೇಟು. ಗೇಟು ಎತ್ತಿಳಿಸುವ ವರ್ಮ್ ಗೇರಿಗೆ ಗ್ರೀಸ್ ಹಾಕಿಸಿದೆ. ಹಲ್ಲುಗಳ ಸವೆತ ಕಳೆದ ವರ್ಷಕ್ಕಿಂತ ಹೆಚ್ಚಿಲ್ಲ — ಸಮಾಧಾನ. ಮಧ್ಯಾಹ್ನ ವರ್ಕ್‌ಶಾಪು. ಲೇಥಿನ ಬೆಲ್ಟು ಮತ್ತೆ ಜಾರುತ್ತಿದೆ. ರಾಳ ಹಚ್ಚಿಸಿದರೆ ಇನ್ನೊಂದು ವಾರ ನಡೆದೀತು.

ಮೂಡಲಗಿಯ ರಾಯಪ್ಪಗೌಡರು ಆಫೀಸಿಗೆ ಬಂದಿದ್ದರು. ಕಬ್ಬಿಗೆಂದು ಹೊಸ ಬಾವಿ ತೋಡಿಸಿದ್ದಾರೆ. ಪಂಪಿಗೆ ಇಂಜಿನ್ ಬೇಕು. ಮನೆಯಲ್ಲಿ ಒಂದು ಮೋಟರ್ ಗಾಡಿ ಸುಮ್ಮನೆ ನಿಂತಿದೆಯಂತೆ. ಅದರ ಇಂಜಿನ್ ಬಿಚ್ಚಿ ಬಾವಿಗೆ ಕೂರಿಸಲು ಬಂದೀತೇ ಎಂದು ಕೇಳಿದರು.

"ಯಾವ ಗಾಡಿರಿ?"

"ಎಂ.ಜಿ." ಎಂದರು. ಹೇಳುವಾಗ ನನ್ನನ್ನು ನೋಡಲಿಲ್ಲ, ಕಿಟಕಿಯನ್ನು ನೋಡಿದರು.

ಪುಣೆಯಲ್ಲಿ ಡಿಪ್ಲೊಮಾ ಓದುವಾಗ ಆ ಹೆಸರು ಕೇಳಿದ್ದೆ. ಓಟಕ್ಕಾಗಿಯೇ ಮಾಡಿದ ಸಣ್ಣ ಗಾಡಿ. ಎದುರಿಗೆ ನಿಂತು ನೋಡಿದ್ದಿಲ್ಲ. ರವಿವಾರ ಬರುವೆನೆಂದು ಹೇಳಿ ಕಳಿಸಿದೆ. ಅಷ್ಟು ಬೇಗ ಏಕೆ ಒಪ್ಪಿದೆನೋ ತಿಳಿಯದು. ರವಿವಾರ ನನ್ನ ಸ್ವಂತದ ದಿನ.


ಜನವರಿ 8, ರವಿವಾರ.

ಮೊದಲ ಬಸ್ಸು. ಅರಭಾವಿ ದಾಟುವವರೆಗೆ ನಿಂತೇ ಪ್ರಯಾಣ.

ಗಾಡಿ ಇರುವುದು ಚಕ್ಕಡಿಗಳ ಜೊತೆ, ಒಂದೇ ಕೊಟ್ಟಿಗೆಯಲ್ಲಿ. ಮೇಲೆ ತಾಡಪತ್ರಿ, ಅದರ ಮೇಲೆ ತೊಗರಿ ಕಟ್ಟಿಗೆ. ಗೌಡರ ಆಳು ಹೊಳೆಪ್ಪ ಎಲ್ಲವನ್ನೂ ಸರಿಸಿದ. ಅರವತ್ತು ಸಮೀಪಿಸಿದವನು. ಎತ್ತು, ಚಕ್ಕಡಿ, ಈ ಗಾಡಿ ಮೂರೂ ಅವನ ಸುಪರ್ದಿ. ಅಚ್ಚುಗಳ ಅಡಿಗೆ ಮರದ ದಿಮ್ಮಿ ಕೊಟ್ಟು ಎತ್ತಿ ನಿಲ್ಲಿಸಿದ್ದಾನೆ. ಟಾಯರ್ ನೆಲ ಮುಟ್ಟಿಲ್ಲ. ಯಾರು ಹೇಳಿದ್ದು ಎಂದು ಕೇಳಿದೆ.

"ಯಾರ ಹೇಳಬೇಕ್ರಿ? ನಿಂತಲ್ಲೆ ನಿಂತ್ರ ಎತ್ತಿನ ಕಾಲಿಗೂ ಬಾವ ಬರತೈತಿ," ಎಂದ.

ಚಿಕ್ಕದು. ಇಷ್ಟು ಚಿಕ್ಕದೆಂದು ಊಹಿಸಿರಲಿಲ್ಲ. ಆಸನ ಎರಡೇ. ಬಾಗಿಲು ಮೊಣಕೈ ಇಡುವಲ್ಲಿ ಕೊರೆದಂತೆ ತಗ್ಗು. ಮುಂದಿನ ಗಾಜನ್ನು ಮಡಚಿ ಬಾನೆಟ್ಟಿನ ಕಡೆಗೆ ಮಲಗಿಸಬಹುದು. ಗಾಲಿಗಳಿಗೆ ಸೈಕಲ್ಲಿನಂತೆ ತಂತಿಯ ಕಡ್ಡಿಗಳು. ರೇಡಿಯೇಟರಿನ ನೆತ್ತಿಯಲ್ಲಿ ಎಂಟು ಮೂಲೆಯ ಬಿಲ್ಲೆ, ಒಳಗೆ ಎರಡು ಅಕ್ಷರ. ಬಾನೆಟ್ ತೆಗೆದರೆ ಎಣ್ಣೆ ಹಾಕುವ ಮುಚ್ಚಳದ ಮೇಲೂ ಅದೇ ಎಂಟು ಮೂಲೆ. ಯಾರೂ ನೋಡದ ಜಾಗದಲ್ಲೂ ಗುರುತು ಒತ್ತಿದ್ದಾರೆ. ಇದೇಕೆ?

ಬಂದದ್ದು ಇಂಜಿನ್ ಅಳೆಯಲು. ಅಳೆದೆ. ನಾಲ್ಕು ಸಿಲಿಂಡರ್, ಕಾರ್ಬುರೇಟರ್ ಎರಡು.

"ಬಾವಿಗೆ ಕುಂದರತೈತೇನ್ರಿ?" ಗೌಡರು ಹೊರಗೇ ನಿಂತು ಕೇಳಿದರು. ಕೊಟ್ಟಿಗೆಯೊಳಕ್ಕೆ ಬರಲಿಲ್ಲ.

"ಕುಂದರಸಬಹುದ್ರಿ. ಚಲೋ ಹೌದೋ ಅಲ್ಲೋ, ಲೆಕ್ಕಾ ಹಾಕಿ ಹೇಳ್ತೇನಿ."

"ಶಿವರಾತ್ರಿ ಆಗೂದಕ ನೀರ ಎತ್ತಬೇಕು. ಉಳದ ತಗಡ ಗುಜರಿಯವನ ಪಾಲಾಗಲಿ." ಹೊಲಕ್ಕೆ ಹೊರಟುಹೋದರು.

ಚಹಾ ತಂದವರು ಗೌಡರ ಪತ್ನಿ ಸಾವಿತ್ರವ್ವನವರು. ಎಡಗೈ ಮೊಣಕೈಯಲ್ಲಿ ಸ್ವಲ್ಪ ಬಾಗಿದೆ, ಪೂರ್ತಿ ಚಾಚುವುದಿಲ್ಲ. ಲೋಟ ಕೆಳಗಿಟ್ಟು ನೇರವಾಗಿ ಹೇಳಿದರು —

"ಸಾಹೇಬ್ರ, ಅದನ್ನ ಬಿಚ್ಚೂಕಿಂತ ಮದಲ ನಂದೊಂದ ಕೆಲಸ ಮಾಡಿಕೊಡ್ರಿ. ಮುಂದಿನ ಎಡಗಾಲಿ ಯಾಕ ಬಿತ್ತು, ನೋಡಿ ಹೇಳ್ರಿ."

ಸಂಗತಿ ಇದು. 1954ರ ದೀಪಾವಳಿಗೆ ದಂಪತಿಗಳು ಇದೇ ಗಾಡಿಯಲ್ಲಿ ಆಕೆಯ ತವರು ಹುಕ್ಕೇರಿಗೆ ಹೊರಟಿದ್ದರು. ಕೊಣ್ಣೂರ ದಾಟಿದ ಮೇಲೆ ಎಡಗಡೆಯ ಮುಂದಿನ ಗಾಲಿ ಕಳಚಿತು. ಗಾಡಿ ತಗ್ಗಿಗೆ ಇಳಿಯಿತು. ಆಕೆ ಹೊರಗೆ ಬಿದ್ದು ಕೈ ಮುರಿಯಿತು. ಗೌಡರಿಗೆ ಒಂದು ಗೀರೂ ಇಲ್ಲ.

"ಗೌಡ್ರು ಜೋರ ಹೊಡದು ಗಾಲಿ ಕಲ್ಲಿಗೆ ಬಡಸಿದ್ರು, ಹೇಣ್ತಿ ಮುಂದ ಶಾಣ್ಯಾತನ ತೋರಿಸಾಕ ಹೋದ್ರು ಅಂತ ಊರೆಲ್ಲಾ ಆಡಿತು. ಇವರೂ ಅದನ್ನ ಖರೆ ಅಂತ ಹಿಡದ ಕುಂತಾರ. ಅವತ್ತಿಂದ ಅದನ್ನ ಮುಟ್ಟಿಲ್ಲ. ಮೆಕ್ಯಾನಿಕನ್ನೂ ಕರಸಲಿಲ್ಲ. ತಪ್ಪ ನಂದು ಅಂದ ಮ್ಯಾಲ ನೋಡೂದೇನೈತಿ ಅಂತಾರ."

"ನಿಮಗ ಗಾಡಿ ಬೇಕೇನ್ರಿ ಅವ್ವಾರ?"

"ಬೇಕ್ರಿ. ಮುರದದ್ದು ನನ್ನ ಕೈ. ಸಿಟ್ಟ ಇರಬೇಕಾದ್ದು ನನಗ. ನನಗಿಲ್ಲ."

ತಪ್ಪು ಅವರದಲ್ಲವೆಂದು ತಿಳಿದವರು ಹೇಳಿದರೆ ಗೌಡರು ಇಂಜಿನ್ ಬಿಚ್ಚಿಸುವುದಿಲ್ಲ — ಇದು ಆಕೆಯ ನಂಬಿಕೆ. ನೋಡುತ್ತೇನೆ ಎಂದೆ. ಒಂದೇ ಯಂತ್ರಕ್ಕೆ ಎರಡು ಕೆಲಸ ಒಪ್ಪಿಕೊಂಡಂತಾಯಿತು. ಗಂಡನಿಗೆ ಬಿಚ್ಚುವ ಲೆಕ್ಕ, ಹೆಂಡತಿಗೆ ಉಳಿಸುವ ಕಾರಣ.


ಜನವರಿ 9.

ಸಂಜೆ ಪಂಪಿನ ಲೆಕ್ಕಕ್ಕೆ ಕುಳಿತೆ. ಪೆಟ್ರೋಲ್ ಇಂಜಿನ್, ಸುತ್ತು ಹೆಚ್ಚು, ದಿನವಿಡೀ ಒಂದೇ ಹೊರೆಯಲ್ಲಿ ದುಡಿಯಲು ಮಾಡಿದ್ದಲ್ಲ. 'ಯೋಗ್ಯವಲ್ಲ' ಎಂದು ಬರೆಯಲು ಕೈ ತಾನಾಗಿ ಮುಂದಾಯಿತು. ನಿಲ್ಲಿಸಿದೆ. ಕಾರಣ ತಾಂತ್ರಿಕವೇ? ಖಚಿತವಿಲ್ಲ. ಬೇರೊಂದು ಪೆಟ್ರೋಲ್ ಇಂಜಿನ್ ಆಗಿದ್ದರೆ ಎರಡು ಷರತ್ತು ಹಾಕಿ 'ಆಗಬಹುದು' ಎನ್ನುತ್ತಿದ್ದೆ.

ಹಾಳೆಯ ಅಂಚಿನಲ್ಲಿ ರೇಡಿಯೇಟರಿನ ಚಿತ್ರ ಬರೆದಿದ್ದೇನೆ. ಬರೆದದ್ದು ನೆನಪಿಲ್ಲ.

ಭರಮವ್ವ ದೀಪ ಸರಿಪಡಿಸಲು ಬಂದವಳು ನೋಡಿದಳು. "ಯಾರದ್ರೀ ಮಾರಿ ಇದು?"

"ಗಾಡಿದು."

"ಮೂವತ್ತ ವರ್ಷ ಆತು ಲಗ್ನ ಆಗಿ. ನನ್ನ ಮಾರಿ ಒಮ್ಮಿನೂ ತಗೀಲಿಲ್ಲ ನೀವು."

ನಗುತ್ತಾ ಹೋದಳು.


ಜನವರಿ 15, ರವಿವಾರ.

ಸಂಕ್ರಮಣದ ಮರುದಿನ. ಎಳ್ಳುಬೆಲ್ಲದ ಪೊಟ್ಟಣ ಭರಮವ್ವ ಕಟ್ಟಿಕೊಟ್ಟಿದ್ದಳು.

ಗೌಡರ ಓಣಿಯಲ್ಲಿ ಒಂದು ಸಂಗತಿ. ಹೊಸಿಲ ಮುಂದಿನ ರಂಗೋಲಿ — ಎಂಟು ಮೂಲೆ, ಒಳಗೆ ಅದೇ ಆಕಾರದ ಇನ್ನೊಂದು ಗೆರೆ. ಗೌಡರ ಮನೆಯಲ್ಲಿ ಮಾತ್ರವಲ್ಲ. ಬಾಜೂ ಮನೆ, ಎದುರು ಮನೆ, ಬಾವಿ ಕಟ್ಟೆಯ ತನಕ ಮನೆಮನೆಗೂ ಅದೇ. ಕೇಳಿದಾಗ ಸಾವಿತ್ರವ್ವ ನಕ್ಕರು.

"ಗಾಡಿ ಬಂದ ದಿನ ಆ ಬಿಲ್ಲಿ ನೋಡಿ ನಾನು ಹಾಕಿದೆ. ಚಂದ ಕಾಣಸ್ತು. ಬಾಜೂ ಮನಿ ಲಗಮವ್ವ ಕಲತ್ಲು, ಆಕಿ ನೋಡಿ ಮತ್ತೊಬ್ಬಾಕಿ. ಈಗ ಲಗ್ನದಾಗೂ ಹಾಕ್ತಾರ. ಇದು ವಿಲಾಯತಿ ಕಂಪನಿ ಗುರ್ತು ಅಂತ ಹೇಳಿದ್ರ ನಂಬಾಂಗಿಲ್ರಿ. ನಮ್ಮ ಅಜ್ಜಿ ಕಾಲದ್ದು ಅಂತ ನನಗ ಹೇಳ್ತಾರ!"

ಗೌಡರು ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಸ್ವಲ್ಪ ಸಡಿಲಾದರು. ಈ ಗಾಡಿಯನ್ನು ಮೊದಲು ಯಾವಾಗ ಮನಸ್ಸಿಗೆ ಹಚ್ಚಿಕೊಂಡಿರಿ ಎಂದು ಕೇಳಿಬಿಟ್ಟೆ. ಲೆಕ್ಕಕ್ಕೆ ಇದರ ಅಗತ್ಯವಿರಲಿಲ್ಲ.

"ಬೆಳಗಾಂವಿ ಕ್ಯಾಂಪಿಗೆ ಕುರ್ಚಿ ತರಾಕ ಹೋಗಿದ್ನಿರಿ. ನಾಲ್ವತ್ತೆಂಟನೇ ಇಸವಿ. ಗೋರಾ ಆಫೀಸರ ಊರಿಗೆ ಹೊಂಟಿದ್ದ, ಮನಿ ಸಾಮಾನೆಲ್ಲಾ ಅಂಗಳದಾಗ ಹಚ್ಚಿದ್ದ. ಮಡಮ್ಮ ಇದರ ಬಾಜೂ ನಿಂತ ಅಳಾಕತ್ತಿದ್ಲು. ಬಂಗಲೆಕ್ಕ ಅಳಲಿಲ್ಲ, ಸಾಕಿದ ಕುದರಿ ಮಾರಿದ್ರೂ ಅಳಲಿಲ್ಲ. ಇದರ ಮೂಗಿನ ಮ್ಯಾಲ ಕೈ ಇಟ್ಟು ಅತ್ತಳು. ಅಂಥಾದ್ದೇನೈತಿ ಇದರಾಗ, ನೋಡೇಬಿಡೂಣು ಅನಸ್ತು. ಕುರ್ಚಿ ಅಲ್ಲೇ ಬಿಟ್ಟು ಇದನ್ನ ತಂದೆ."

"ನೋಡಿದ್ರೇನು?"

"ಆರ ವರ್ಷ ನೋಡಿದೆ. ಆಮ್ಯಾಲ ಬೆಳಗಾಂವ್ಯಾಗ ಎಂಥೆಂಥಾ ಮೋಟರ್ ಕಂಡೆ. ಎಂಟ ಮೂಲಿ ಇಲ್ದಿದ್ರ ಹೊಳ್ಳಿ ನೋಡಾಕ ಮನಸಾಗಲಿಲ್ಲ." ಇಲ್ಲಿ ದನಿ ಇಳಿಯಿತು. "ಬಾವಿ ಲೆಕ್ಕಾ ಎಲ್ಲಿಗಿ ಬಂತ್ರಿ?"

ಇನ್ನೂ ಆಗಿಲ್ಲವೆಂದೆ. ಆಗಿತ್ತು.

ಮುಂದಿನ ಎಡಗಾಲಿ ನೋಡಿದೆ, ಬಿದ್ದ ದಿನ ನಟ್ಟು ಸಮೇತ ಆರಿಸಿ ತಂದು ಮತ್ತೆ ಏರಿಸಿದ್ದು. ಕಡ್ಡಿ ಮುರಿದಿಲ್ಲ. ಗಾಲಿಯ ಅಂಚಿಗೆ ಕಲ್ಲು ಬಡಿದ ತಗ್ಗಿಲ್ಲ. ಕಲ್ಲಿಗೆ ಬಡಿದು ಬಿತ್ತೆಂಬ ಊರ ಮಾತಿಗೆ ಆಧಾರವಿಲ್ಲ. ಹಾಗಾದರೆ ಕಾರಣ ಒಳಗಿದೆ.


ಜನವರಿ 18.

ವರ್ಕ್‌ಶಾಪಿನಲ್ಲಿ ಕುಳಿತು ಯೋಚನೆ. ಆರು ವರ್ಷ ಓಡಿದ ಗಾಡಿ. ಒಮ್ಮೆಯೂ ಗಾಲಿ ಸಡಿಲವಾಗಿಲ್ಲ. ಒಂದು ದಿನ ಹಠಾತ್ತನೆ ಕಳಚಿತು. ಯಂತ್ರ ಹಾಗೆ ಮಾಡುವುದಿಲ್ಲ. ನಡುವೆ ಏನೋ ಬದಲಾಗಿರಬೇಕು. ಏನು?

ಬಾಡಿಯ ತಗಡಿನ ಅಂಚು ಕೆರೆದು ನೋಡಿದಾಗ ಒಳಗೆ ಮರದ ಚೌಕಟ್ಟು ಕಂಡಿತ್ತು. ಸ್ಪ್ರಿಂಗ್ ಪಟ್ಟಿಗಳು, ಅಡ್ಡ ಅಚ್ಚು, ಕಡ್ಡಿಯ ಗಾಲಿ, ಮರದ ಮೈ. ಹೊಳೆಪ್ಪ ಅಂದು ಬಗ್ಗಿ ನೋಡಿ, "ತಗೀರಿ, ಇದೂ ಚಕ್ಕಡೀನ!" ಎಂದಿದ್ದ. ಆ ಮಾತು ಮನಸ್ಸಿನಲ್ಲಿ ಉಳಿದಿದೆ.


ಜನವರಿ 22, ರವಿವಾರ.

ಗೋಕಾಕದ ಗ್ಯಾರೇಜಿನಿಂದ ಬ್ಯಾಟರಿ ಹೊತ್ತು ತಂದೆ. ಇಂಜಿನ್ ಸುಸ್ಥಿತಿಯಲ್ಲಿದೆಯೇ ಎಂದು ತಿಳಿಯದೆ ಬಾವಿಯ ಮಾತು ಮುಗಿಸಲಾಗದು ಎಂಬುದು ನಾನು ಕೊಟ್ಟ ಕಾರಣ. ಕಾರಣ ಸುಳ್ಳಲ್ಲ. ಪೂರ್ತಿಯೂ ಅಲ್ಲ.

ಕೀಲಿ ತಿರುಗಿಸಿದೆ. ಮೌನ. ಪೆಟ್ರೋಲ್ ಪಂಪು ಅಂಟಿಕೊಂಡಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಟಿಕ್. ಟಿಕ್-ಟಿಕ್-ಟಿಕ್... ವೇಗವಾಗಿ, ಆಮೇಲೆ ನಿಧಾನ, ಆಮೇಲೆ ಪೆಟ್ರೋಲ್ ತುಂಬಿ ತಾನಾಗಿ ನಿಂತಿತು. ನಾಲ್ಕನೆಯ ಸಲಕ್ಕೆ ಇಂಜಿನ್ ಹಿಡಿಯಿತು. ಎತ್ತುಗಳೆರಡೂ ಹಗ್ಗ ಜಗ್ಗಿದವು. ಹೊಳೆಪ್ಪ ಅವುಗಳ ಕೊರಳು ಹಿಡಿದು, "ನಿಮ್ಮ ಅಣ್ಣ ಎದ್ದಾನ, ಅಂಜಬ್ಯಾಡ್ರಿ," ಎನ್ನುತ್ತಿದ್ದ.

ಸಾವಿತ್ರವ್ವ ಬಂದು ಎಡಗಡೆಯ ಆಸನದಲ್ಲಿ ಕುಳಿತೇಬಿಟ್ಟರು. ದಿಮ್ಮಿಗಳ ಮೇಲೆ ನಿಂತ ಗಾಡಿಯಲ್ಲಿ.

ಆಗ ಗಮನಿಸಿದ್ದು. ಓಡಿಸುವವನ ಎದುರಿನ ದೊಡ್ಡ ಡಯಲ್ ಇಂಜಿನ್ನಿನ ಸುತ್ತು ತೋರಿಸುವಂಥದು. ಗಾಡಿಯ ವೇಗ ತೋರಿಸುವ ಡಯಲ್ ಪಕ್ಕದವರ ಎದುರಿಗಿದೆ. ಮಾಡಿದವರು ಹೀಗೇಕೆ ಮಾಡಿದರು? ಓಡಿಸುವವನು ಯಂತ್ರದ ನಾಡಿ ನೋಡಲಿ. ಎಷ್ಟು ಜೋರು ಎಂಬುದು ಜೊತೆಗಿರುವವರ ಚಿಂತೆ ಎಂದೇ? ಬಹಳ ಹೊತ್ತು ಅದನ್ನೇ ನೋಡಿದೆ.

"ನಂಗ ಇಂಗ್ಲೀಷ್ ಅಂಕಿ ಬರಾಂಗಿಲ್ರಿ," ಎಂದರು ಸಾವಿತ್ರವ್ವ. "ಮುಳ್ಳು ಎಲ್ಲಿ ಬಂದ್ರ ಗಾಳಿ ಹೆಂಗ ಬಡೀತೈತಿ ಅನ್ನೂದು ಗೊತ್ತು. ಗಾಜ ಮಲಗಿಸಿ ಹೊಂಟ್ರ ಮಾರಿಗೆ ನೀರ ಎರಚಿದಂಗ ಆಗತಿತ್ತು. ಮದಲನೇ ದಿನ ಕಣ್ಣಾಗ ನೀರ ಬಂತು. ಅಳಾಕತ್ತೇನಿ ಅಂತ ತಿಳದು ಇವರು ಗಾಡಿ ನಿಂದರ್ಸಿದ್ರು. ಯಾಕ ನಿಂದರ್ಸಿದ್ರಿ ಅಂತ ಜಗಳಾ ತಗದೆ ನಾನು. ಅವತ್ತ ಇದು ನನ್ನದಾತು."

ಇಂಜಿನ್ ಆರಿಸಿದೆ. ಆಕೆ ಇಳಿಯಲಿಲ್ಲ.

"ಒಂದ ಮಾತ. ಯಾರಿಗೂ ಹೇಳಿಲ್ಲ. ಕೊಣ್ಣೂರ ದಾಟಿದ ಮ್ಯಾಲ 'ಇನ್ನಟ ಜೋರ ಬಿಡ್ರಿ, ಇನ್ನಟ ಬಿಡ್ರಿ' ಅಂದಾಕಿ ನಾನು. ಮುಳ್ಳು ಇಲ್ಲಿತ್ತು," ಎಂದು ಡಯಲಿನ ಗಾಜಿನ ಮೇಲೆ ಬೆರಳಿಟ್ಟರು. "ಜೋರ ಹೋಗಿದ್ದಕ್ಕ ಗಾಲಿ ಬಿದ್ದಿದ್ರ ತಪ್ಪ ನಂದು, ಅವರದಲ್ಲ. ಅದನ್ನೂ ನೋಡಿ ಹೇಳ್ರಿ."

ಬೆರಳಿದ್ದದ್ದು ನಲವತ್ತು ಮೈಲಿನ ಹತ್ತಿರ. ಈ ಗಾಡಿಗೆ ಅದು ವೇಗವೇ ಅಲ್ಲ. ಹೇಳಬೇಕೆನಿಸಿತು. ಕಾರಣ ಸಿಗುವ ಮೊದಲು ಏನನ್ನೂ ಹೇಳುವುದು ಸರಿಯಲ್ಲ.

ತಲೆಯೆತ್ತಿದರೆ ಕೊಟ್ಟಿಗೆಯ ಬಾಗಿಲಲ್ಲಿ ಗೌಡರು. ಇಂಜಿನ್ನಿನ ಸದ್ದು ಕೇಳಿ ಹೊಲದಿಂದ ಬಂದಿದ್ದಾರೆ, ಕಾಲಲ್ಲಿ ಕೆಸರು. ಮಾತು ಕೇಳಿಸಿತೋ ಇಲ್ಲವೋ ತಿಳಿಯದು. ಹೊಸಿಲು ದಾಟಲಿಲ್ಲ. "ಗುಜರಿಯವಗ ಶಿವರಾತ್ರಿ ಮರದಿನ ಬಾ ಅಂತ ಹೇಳೇನಿ," ಎಂದು ಹೊರಟುಹೋದರು.


ಜನವರಿ 29, ರವಿವಾರ.

ಸಿಕ್ಕಿತು.

ಬರೆದಿಡುತ್ತೇನೆ, ಕ್ರಮವಾಗಿ. ಈ ಗಾಡಿಯ ಪ್ರತಿ ಗಾಲಿಯನ್ನೂ ಹಿಡಿದಿರುವುದು ನಡುವಿನ ಒಂದೇ ದೊಡ್ಡ ನಟ್ಟು. ಅದಕ್ಕೆ ಎರಡು ಕಿವಿ. ಸುತ್ತಿಗೆಯಿಂದ ಹೊಡೆದು ಬಿಗಿಯುವುದು, ಹೊಡೆದೇ ಬಿಚ್ಚುವುದು. ಹಿಂದಿನ ಎಡಗಾಲಿಯ ನಟ್ಟು ಬಿಚ್ಚಿದೆ — ಎಡಸುತ್ತಿಗೆ ಬಿಚ್ಚಿತು. ಮುಂದಿನ ಎಡಗಾಲಿಯದು ಬಿಚ್ಚಲಿಲ್ಲ. ಇನ್ನೂ ಬಲವಾಗಿ ಹೊಡೆದೆ. ಇಲ್ಲ. ಬಲಸುತ್ತಿಗೆ ಹೊಡೆದೆ — ಬಂತು.

ಒಂದೇ ಪಕ್ಕದ ಎರಡು ಗಾಲಿ, ಎರಡು ದಿಕ್ಕು. ಮಾಡಿದವರು ಹೀಗೆ ಮಾಡಲಾರರು. ಬಲಗಡೆಗೆ ಹೋಗಿ ನೋಡಿದೆ. ಅಲ್ಲಿಯೂ ಹಿಂದಿನದಕ್ಕೂ ಮುಂದಿನದಕ್ಕೂ ವೈರ.

ನಿಯಮ ಸರಳ. ನಟ್ಟು ಗಾಲಿ ಓಡುವ ದಿಕ್ಕಿಗೆ ವಿರುದ್ಧವಾಗಿ ಬಿಗಿಯಬೇಕು. ಆಗ ಓಡಿದಷ್ಟೂ ತಾನೇ ಬಿಗಿಯುತ್ತದೆ. ಅದಕ್ಕೇ ಎಡಕ್ಕೊಂದು ದಿಕ್ಕಿನ ಥ್ರೆಡ್, ಬಲಕ್ಕೊಂದು ದಿಕ್ಕಿನ ಥ್ರೆಡ್. ಮುಂದಿನ ಎರಡು ಹಬ್‌ಗಳು, ಎಂದರೆ ಗಾಲಿ ಕೂರುವ, ನಟ್ಟಿನ ಥ್ರೆಡ್ ಇರುವ ನಡುಭಾಗಗಳು, ಎಡಬಲ ಅದಲುಬದಲಾಗಿವೆ. ಹಾಗಾದ ಗಾಲಿ ಓಡಿದಷ್ಟೂ ಸಡಿಲಾಗುತ್ತದೆ. ವೇಗ ಎಷ್ಟಿದ್ದರೂ ಅಷ್ಟೇ. ದೂರ ಹೋದರೆ ಸಾಕು.

ಹೊಳೆಪ್ಪ ಅಲ್ಲೇ ಎತ್ತಿಗೆ ಹುಲ್ಲು ಹಾಕುತ್ತಿದ್ದ. ಸಂತೋಷದ ಭರದಲ್ಲಿ ಯೋಚಿಸದೆ ಕೇಳಿಬಿಟ್ಟೆ — ಮುಂದಿನ ಗಾಲಿಗಳನ್ನು ಎಂದಾದರೂ ಯಾರಾದರೂ ಬಿಚ್ಚಿದ್ದರೇ?

"ನಾನ ಬಿಚ್ಚಿದ್ನೆಲ್ರಿ!" ಮುಖ ಅರಳಿತು. "ಮಾನೌಮಿ ಖಂಡೇ ಪೂಜಿಗೆ ಚಕ್ಕಡಿ ಗಾಲಿ ತಗದು ಕೀಲೆಣ್ಣಿ ಹಾಕ್ತೇವಲ್ಲ, ಆವಾಗ ಎಡದ್ದು ಬಲಕ್ಕ, ಬಲದ್ದು ಎಡಕ್ಕ ಮಾಡ್ತೇವ್ರಿ. ಇಲ್ಲಾಂದ್ರ ಹಳಿ ಒಂದ ಮಗ್ಗಲಾ ಸವೀತೈತಿ. ಈ ಗಾಡಿ ಟಾಯರೂ ಒಂದ ಅಂಚ ಸವದಿತ್ತು. ಇದಕ್ಕೂ ಮಾಡಿದೆ. ಬರೇ ಗಾಲಿ ಅಲ್ಲ ಮತ್ತ, ನಡುವಿನ ಗುಂಬದ ಸಹಿತ. ಗುಂಬ ಬಿಟ್ಟು ಗಾಲಿ ಎಲ್ಲೈತ್ರಿ?"

ಚಕ್ಕಡಿಯಲ್ಲಿ ಗುಂಬ ಗಾಲಿಯದೇ ಭಾಗ. ಅದನ್ನು ಬಿಟ್ಟು ಗಾಲಿ ಇಲ್ಲ. ಬರೀ ಗಾಲಿಯನ್ನು ಬದಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ಹಬ್ಬನ್ನೂ ಕೂಡಿಸಿ ಬದಲಿಸಿದ. ಹಿಂದಿನವು ಅಚ್ಚಿನಿಂದ ಕದಲಲಿಲ್ಲವಂತೆ, ಅದಕ್ಕೇ ಬಿಟ್ಟ.

"ಯಾ ವರ್ಷ?" ಎಂದೆ. ಉತ್ತರ ಗೊತ್ತಿತ್ತು.

"ಅದ, ಅವ್ವಾರ ಕೈ ಮುರೀತಲ್ರಿ, ಆ ವರ್ಷದ ಮಾನೌಮಿ."

ಹೇಳಿ ಹುಲ್ಲಿನ ಕಡೆಗೆ ತಿರುಗಿದ. ಎರಡನ್ನೂ ಜೋಡಿಸಿ ನೋಡಿಲ್ಲ. ಯಾಕೆ ಕೇಳಿದೆನೆಂದೂ ಕೇಳಲಿಲ್ಲ.

ಯಾರಿಗೂ ಏನೂ ಹೇಳದೆ ಬಸ್ಸು ಹತ್ತಿದೆ.


ಫೆಬ್ರವರಿ 1.

ಗೇಟು. ವರ್ಕ್‌ಶಾಪು. ಬೆಲ್ಟು ಹರಿಯಿತು.


ಫೆಬ್ರವರಿ 4, ಶನಿವಾರ.

ಸಮಸ್ಯೆ ಈಗ ತಾಂತ್ರಿಕವಲ್ಲ. ಹೇಳಿದರೆ ಗೌಡರ ಮೇಲಿನ ಹೊರೆ ಇಳಿಯುತ್ತದೆ, ಸಾವಿತ್ರವ್ವನವರದೂ, ಗಾಡಿ ಉಳಿಯುತ್ತದೆ. ಅಷ್ಟೂ ಹೊರೆ ಹೊಳೆಪ್ಪನ ತಲೆಗೆ. ಹೇಳದಿದ್ದರೆ ಗುಜರಿಯವನು ಬರುತ್ತಾನೆ. 'ಹಬ್ ಅದಲುಬದಲಾಗಿತ್ತು, ಯಾರಿಂದ ತಿಳಿಯದು' ಎನ್ನಬಹುದು. ಆ ಗಾಡಿ ಮುಟ್ಟುವವನು ಒಬ್ಬನೇ. ಸುಳ್ಳು ಒಂದು ಗಳಿಗೆಯೂ ನಿಲ್ಲದು. ಅಲ್ಲದೆ ಅದು ಸುಳ್ಳು.

ಭರಮವ್ವನಿಗೆ ಎಲ್ಲವನ್ನೂ ಹೇಳಿದೆ. ಕೆಲಸದ ವಿಷಯ ಅವಳಿಗೆ ಹೇಳಿದ್ದು ಕಡಿಮೆ. ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಗೌಡಗ ಹೇಳೂದೋ ಬ್ಯಾಡೋ ಅಂತ ಕುಂತೀರಲ್ಲ, ಮದಲ ಹೊಳೆಪ್ಪಗ ಹೇಳ್ರಿ. ಅವನ ಬೆನ್ನ ಹಿಂದ ಅವನ ಸುದ್ದಿ ನಿಮಗ್ಯಾಕ? ಆಮ್ಯಾಲ ಏನ ಮಾಡಬೇಕು ಅವನೇ ಹೇಳ್ತಾನ."

"ಅವ ಮುರದ ಹೋದ್ರ?"

"ಎತ್ತ ಸಾಕಿದಾಂವ ಹಂಗ ಮುರ್ಯಾಂಗಿಲ್ಲ." ರೊಟ್ಟಿ ಹೊರಳಿಸಿದಳು. "ನಿಮಗ ಖರೆ ಹೇಳಲ್ಯಾ? ಹೊಳೆಪ್ಪನ ಸಲುವಾಗಿ ಅಲ್ಲ ನೀವು ಚಿಂತಿ ಮಾಡಾಕತ್ತಿದ್ದು. ನಿಮಗ ಆ ಗಾಡಿ ಬೇಕು, ಅದಕ್ಕ ಅವನ್ನ ಬಲಿ ಕೊಟ್ಟಂಗ ಆದೀತು ಅಂತ ಅಂಜಿಕಿ."

ಒಪ್ಪಲಿಲ್ಲ. ಅಲ್ಲಗಳೆಯಲೂ ಇಲ್ಲ.


ಫೆಬ್ರವರಿ 5, ರವಿವಾರ.

ಹೊಳೆಪ್ಪನ ಕೈಗೇ ಸುತ್ತಿಗೆ ಕೊಟ್ಟೆ. ಎಡಗಡೆಯ ಹಿಂದಿನ ನಟ್ಟು ಬಿಚ್ಚು ಎಂದೆ. ಬಿಚ್ಚಿದ. ಮುಂದಿನದು ಎಂದೆ. ಅದೇ ದಿಕ್ಕಿಗೆ ಹೊಡೆದ, ಬರಲಿಲ್ಲ. ದಿಕ್ಕು ಬದಲಿಸಿದ, ಬಂತು. ಬಲಗಡೆಗೆ ತಾನೇ ಹೋದ. ಬಹಳ ಹೊತ್ತು ಅತ್ತ ಇತ್ತ ನಡೆದ, ಎರಡೂ ಕಡೆ ಕೈಯಾಡಿಸಿದ. ನಾನು ನಿಯಮವನ್ನಷ್ಟೇ ಹೇಳಿದೆ. ಉಳಿದದ್ದನ್ನು ಅವನೇ ಹೇಳಿದ.

"ಎಡದ ಎತ್ತು, ಬಲದ ಎತ್ತು. ಜೋಡಿ ತಪ್ಪಿಸಿ ಹೂಡೇನಿ ಅಂದಂಗಾತು."

"ನಿನಗ ಗೊತ್ತಿರಲಿಲ್ಲ ಹೊಳೆಪ್ಪ. ಯಾರೂ ಹೇಳಿರಲಿಲ್ಲ."

"ಅವ್ವಾರ ಕೈ..." ಅಂದ. ಸುತ್ತಿಗೆಯನ್ನು ಮೆಲ್ಲಗೆ ಆಸನದ ಮೇಲಿಟ್ಟ. ಎತ್ತುಗಳ ಕಡೆಗೂ ನೋಡದೆ ಹೊರಗೆ ಹೋದ.

ಬಸ್ಸಿನ ಹೊತ್ತಿನವರೆಗೂ ಕಾದೆ. ಮರಳಲಿಲ್ಲ.


ಫೆಬ್ರವರಿ 9, ಗುರುವಾರ.

ಗೌಡರು ಆಫೀಸಿಗೆ ಬಂದರು. ಕೂರಲಿಲ್ಲ.

ಹೊಳೆಪ್ಪ ರವಿವಾರ ಸಂಜೆಯೇ ಅವರ ಮುಂದೆ ನಿಂತು ಎಲ್ಲ ಹೇಳಿದನಂತೆ. ಸಾವಿತ್ರವ್ವನವರ ಎದುರಿಗೇ. ಹೇಳಿ, ಎತ್ತಿನ ಹಗ್ಗ ಗೌಡರ ಕೈಗೆ ಕೊಟ್ಟು, ಇನ್ನು ನಾನು ಮುಟ್ಟುವುದಿಲ್ಲ ಎಂದು ಮನೆಗೆ ಹೋಗಿ ಕುಳಿತಿದ್ದಾನೆ.

"ಸಿಟ್ಟ ಬಂತೇನ್ರಿ?" ಎಂದೆ.

"ಬಂತ್ರಿ. ಆರ ವರ್ಷ ನಾ ಯಾರ ಮಾರಿ ನೋಡಿ ಮಾತಾಡಿಲ್ಲ. ಇಂವ ದಿನಾ ಮುಂದ ನಿಂತ ಹುಲ್ಲ ಹಾಕತಿದ್ದ! ಆಮ್ಯಾಲ ನೆನಪಾತು. ಗಾಡಿ ತಂದ ದಿನ ಇವಗ ಹೇಳಿದ್ದೆ — ಹೊಳೆಪ್ಪಾ, ಇದನ್ನ ನಮ್ಮ ಚಕ್ಕಡಿಗತೆ ನೋಡ್ಕೊ. ಹಂಗ ನೋಡ್ಕೊಂಡಾನ. ಏನಂತ ಬೈಲಿ?"

ಕಿಟಕಿಯ ಕಡೆ ತಿರುಗಿ ಹೇಳಿದರು. "ಇಕಿನೂ ಅವತ್ತ ಬಾಯಿ ಬಿಟ್ಟಳು. 'ಇನ್ನಟ ಬಿಡ್ರಿ ಅಂದಾಕಿ ನಾನು' ಅಂತ. ನನಗ ನೆನಪೈತಿ ಅದು. ಆಕಿಗೆ ನೆನಪಿರಬಾರದು ಅಂತ ಅದರ ಮಾತ ತಗದಿರಲಿಲ್ಲ ನಾ."

ಲೆಕ್ಕದ ಹಾಳೆ ಕೊಟ್ಟೆ. 'ಬಾವಿಗೆ ಯೋಗ್ಯವಲ್ಲ. ಡೀಸೆಲ್ ಇಂಜಿನ್ ಕೊಳ್ಳುವುದು ಲೇಸು.' ಕೆಳಗೆ ಸಹಿ. ಈಗ ನಿರಾತಂಕವಾಗಿ ಹಾಕಿದ ಸಹಿ.

ಅವರು ಓದಲಿಲ್ಲ, ಮಡಚಿ ಜೇಬಿಗಿಟ್ಟರು. "ರವಿವಾರ ಬರ್ರಿ. ಗಾಲಿ ಸರಿ ಮಾಡಿಕೊಡ್ರಿ. ಶಿವರಾತ್ರಿಗೆ ಹುಕ್ಕೇರಿಗೆ ಹೋಗಬೇಕಂತಾಳ. ನನ್ನ ಕೈ ನಡಗತೈತಿ. ಅದನ್ನ ಆಕಿ ಮುಂದ ಹೇಳಬ್ಯಾಡ್ರಿ."


ಫೆಬ್ರವರಿ 12, ರವಿವಾರ.

ಹಬ್‌ಗಳನ್ನು ಅವುಗಳ ಜಾಗಕ್ಕೆ ತಂದೆ. ಬ್ರೇಕು ನೋಡಿದೆ. ಹೊಸ ಟ್ಯೂಬು ಬೆಳಗಾವಿಯಿಂದ ಬಂದಿತ್ತು. ಗಾಲಿ ಏರಿಸಿ ನಟ್ಟನ್ನು ಕೈಯಿಂದ ಕೂರಿಸಿದೆ. ಸುತ್ತಿಗೆ ಎತ್ತಿದೆ.

"ನೀವು ಬಿಗೀಬ್ಯಾಡ್ರಿ ಸಾಹೇಬ್ರ," ಎಂದರು ಸಾವಿತ್ರವ್ವ. ಇಳಕಲ್ ಸೀರೆ ಉಟ್ಟು, ಸೆರಗು ಬಿಗಿದು, ಹೊರಡಲು ತಯಾರಾಗಿ ನಿಂತಿದ್ದರು. "ಹೊಳೆಪ್ಪನೇ ಬಿಗೀಬೇಕು. ಇಲ್ಲಾಂದ್ರ ನಾ ಹತ್ತಾಂಗಿಲ್ಲ."

ಗೌಡರು ತಾವೇ ಹೋಗಿ ಕರೆತಂದರು. ಅವನು ಕೊಟ್ಟಿಗೆಯ ಹೊರಗೆ ನಿಂತ, ಇಷ್ಟು ದಿನ ಗೌಡರು ನಿಲ್ಲುತ್ತಿದ್ದ ಜಾಗದಲ್ಲಿ.

"ಅವ್ವಾರ, ಈ ಕೈಲೆ ಬ್ಯಾಡ್ರಿ."

"ನನ್ನ ಕೈ ಏನಾಗೇತಿ ನೋಡಿಯಲ್ಲ? ರೊಟ್ಟಿ ಬಡೀತೈತಿ, ರಂಗೋಲಿ ಹಾಕತೈತಿ. ನಿನ್ನ ಕೈ ಏನಾಗೇತಿ? ಬಾ."

"ಮತ್ತ ತಪ್ಪಿದ್ರ?"

"ತಪ್ಪಿದ್ರ ಇನ್ನೊಂದ ಕೈ ಐತಿ ನಂದು," ಎಂದರು. ಗೌಡರು ಗದರಿದರು. ಆಕೆ ನಕ್ಕರು.

ಹೊಳೆಪ್ಪ ಒಳಗೆ ಬಂದ. ಸುತ್ತಿಗೆ ತೆಗೆದುಕೊಂಡು ನನ್ನ ಕಡೆ ನೋಡಿದ. ನಾನು ದಿಕ್ಕು ಹೇಳಲಿಲ್ಲ. ಬಾಗಿ ಗಾಲಿಯನ್ನು ಮುಂದಕ್ಕೆ ಅರ್ಧ ಸುತ್ತು ತಿರುಗಿಸಿ ನೋಡಿದ. ಅದಕ್ಕೆ ವಿರುದ್ಧವಾಗಿ ಕಿವಿಗೆ ಒಂದು ಪೆಟ್ಟು. ಮತ್ತೊಂದು. ನಾಲ್ಕೂ ಗಾಲಿಗೆ. ಆಮೇಲೆ ಒಂದೊಂದನ್ನೂ ಎತ್ತಿನ ಬೆನ್ನು ತಟ್ಟುವಂತೆ ತಟ್ಟಿದ.

ದಿಮ್ಮಿ ತೆಗೆದು ಗಾಡಿಯನ್ನು ನೆಲಕ್ಕಿಳಿಸಿದೆವು. ಸಾವಿತ್ರವ್ವ ಹತ್ತಿದರು. ಗಾಜು ಮಲಗಿಸಿದರು. ಗೌಡರು ಸ್ಟಿಯರಿಂಗಿನ ಎದುರು ಕುಳಿತು ಕೈಗಳನ್ನು ತೊಡೆಯ ಮೇಲೆ ಒತ್ತಿ ಹಿಡಿದರು. ನಡುಕ ಆಕೆಗೂ ಕಂಡಿರಬೇಕು.

"ಮುಳ್ಳು ನಾ ನೋಡ್ತೇನಿ," ಎಂದರು ಆಕೆ. "ನೀವು ಹಾದಿ ನೋಡ್ರಿ."

ಹೋದರು. ಓಣಿಯ ರಂಗೋಲಿಗಳ ನಡುವೆ, ಒಂದನ್ನೂ ತುಳಿಯದಂತೆ, ನಿಧಾನವಾಗಿ. ಹೊರವಲಯ ಮುಟ್ಟಿದ ಮೇಲೆ ಎರಡನೆಯ ಗೇರು, ಮೂರನೆಯದು... ನಾನೂ ಹೊಳೆಪ್ಪನೂ ಸದ್ದು ಅಡಗುವ ತನಕ ನಿಂತೆವು. ನಾಲ್ಕನೆಯದು ಬೀಳಲು ಸ್ವಲ್ಪ ತಡವಾಯಿತು. ಬಿತ್ತು.

"ಎಲ್ಲಿ ತನಕ ಹೋದ್ರ ನಂಬಬೇಕ್ರಿ?" ಎಂದ ಹೊಳೆಪ್ಪ.

"ಹೋಗಿ ಹೊಳ್ಳಿ ಬರಬೇಕು," ಎಂದೆ.


ಫೆಬ್ರವರಿ 14, ಮಂಗಳವಾರ. ಸಂಜೆ.

ಹುಕ್ಕೇರಿಯಿಂದ ಮರಳುವಾಗ ಗೋಕಾಕದಲ್ಲಿ ನಮ್ಮ ಮನೆಗೆ ಬರುವುದಾಗಿ ಹೇಳಿದ್ದಾರೆ. ಆಫೀಸಿನಿಂದ ಬೇಗ ಬಂದೆ. ಭರಮವ್ವ ಉಸುಳಿ ಮಾಡಿಟ್ಟಿದ್ದಾಳೆ. ಹೊಳೆಪ್ಪನೂ ಇಲ್ಲಿದ್ದಾನೆ — ಮೂಡಲಗಿಯಿಂದ ಮಧ್ಯಾಹ್ನದ ಬಸ್ಸಿಗೆ ಬಂದು ಕಟ್ಟೆಯ ಮೇಲೆ ಕುಳಿತವನು ನೀರನ್ನೂ ಮುಟ್ಟಿಲ್ಲ. ಊರಲ್ಲಿ ಕುಳಿತು ಕಾಯಲಾಗಲಿಲ್ಲವಂತೆ.

ಎಲ್ಲರಿಂದಲೂ ಕೇಳಿದೆ, ಗಾಡಿ ಮನಸ್ಸಿಗೆ ಹತ್ತಿದ್ದು ಮೊದಲು ಯಾವಾಗ ಎಂದು. ಗೌಡರಿಗೆ, ಒಬ್ಬಳು ಪರದೇಶಿ ಹೆಂಗಸು ಅತ್ತದ್ದು ನೋಡಿ. ಸಾವಿತ್ರವ್ವನವರಿಗೆ, ಗಾಳಿ ಮುಖಕ್ಕೆ ಬಡಿದು. ಹೊಳೆಪ್ಪನನ್ನು ಈಗಷ್ಟೇ ಕೇಳಿದೆ. "ಗಾಲಿ ಕಡ್ಡಿ ಎಣಸಾಕ ಹೋಗಿ ಲೆಕ್ಕಾ ತಪ್ಪತ್ರಿ. ಎಣಸೂದು ಬಿಟ್ಟು ನೋಡಕೋತ ಕುಂತೆ, ಅವತ್ತ," ಎಂದ. ಯಾರಿಗೂ ವೇಗಕ್ಕಾಗಿ ಅಲ್ಲ. ಯಾರೂ ಕಂಪನಿಯ ಹೆಸರು ಹೇಳಲಿಲ್ಲ.

ನನಗೆ ಯಾವಾಗ? ಪಂಪಿನ ಟಿಕ್ ಸದ್ದು ಕೇಳಿದಾಗ ಎಂದುಕೊಂಡಿದ್ದೆ. ಅದಲ್ಲ. ಇಂದು ಕಾಲುವೆಯ ಗೇಟಿನ ಹತ್ತಿರ ಹೊಳೆಯಿತು. ಎಣ್ಣೆ ಮುಚ್ಚಳದ ಮೇಲಿನ ಆ ಎಂಟು ಮೂಲೆಯ ಗುರುತು. ಯಾರೂ ನೋಡದ ಜಾಗದಲ್ಲೂ ಅಷ್ಟೇ ಅಚ್ಚುಕಟ್ಟು. ನಾನೂ ಮೂವತ್ತು ವರ್ಷದಿಂದ ಯಾರ ಕಣ್ಣಿಗೂ ಬೀಳದ ಗೇಟಿನ ಗೇರುಗಳಿಗೆ ಗ್ರೀಸ್ ಹಾಕಿಸುತ್ತ ಬಂದವನು. ನನ್ನಂಥವರು ಬೇರೆಲ್ಲೋ ಇದ್ದಾರೆ, ನನ್ನನ್ನು ಅರಿಯದವರು, ಎಂದು ಅನಿಸಿದ ಆ ಕ್ಷಣ. ಇದನ್ನು ಭರಮವ್ವನಿಗೆ ಹೇಳಬೇಕು. ನಕ್ಕರೂ ಚಿಂತೆಯಿಲ್ಲ.

ಹೊತ್ತು ಮುಳುಗುತ್ತಿದೆ. ಕೊಣ್ಣೂರ ಕಡೆಯ ರಸ್ತೆಯಲ್ಲಿ ಲಾರಿಗಳು ಮಾತ್ರ. ಹೊಳೆಪ್ಪ ಮೂರು ಸಲ ಎದ್ದು ಕುಳಿತ —

ಸದ್ದು. ಲಾರಿಯದಲ್ಲ. ಗೇರು ಇಳಿಸಿದರು, ಮೂಲೆಯಲ್ಲಿ. ಹೊಳೆಪ್ಪ ಓಡುತ್ತಿದ್ದಾನೆ. ಭರಮವ್ವ ನನಗಿಂತ ಮೊದಲೇ ಹೊಸಿಲಲ್ಲಿ, ಒಂದು ಕೈ ಹಣೆಗೆ ಹಿಡಿದು — "ಏನ್ರೀ, ಬರ್ರೀ ಲಗೂನ, ಗಾಲಿ ನಾಲ್ಕೂ ನೆಟ್ಟಗ ಅದಾವ!"